ನುಂಗಿದ್ದು ಎಲ್ಲಿಗೆ ಹೋಯಿತು

ಜೂನ್ ೩

ತಮ್ಮನಿಗೆ,

ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಭಾನುವಾರವಂತೂ ನಾನು ಬಾಯಿ ತೆರೆದಿದ್ದೇ ತಡ, ನೀನು ಫೋನ್ ಕುಕ್ಕಿದೆ. ಕಾಗದದ ಬಾಯಿಯನ್ನು ಹಾಗೆ ಮುಚ್ಚಿಸಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದು.

ನಿನ್ನ ಮಗಳು ಚೂಟಿಯ ತೂಕ ಚಳಿಗಾಲದಿಂದ ಇದ್ದಲ್ಲೇ ಇದೆ ಎಂದು ನೀನು ನನಗೆ ಹೇಳಲಿಲ್ಲ, ನಿನ್ನ ಹೆಂಡತಿ ಹೇಳಿದಳು. ಅವಳು ಸಮುದ್ರದ ತಳದ ಕೇಬಲ್ ರಿಪೇರಿ ಮಾಡುವ ಹಡಗಿನಲ್ಲಿ ಕೂತಿದ್ದಾಳೆ, ಅಕ್ಟೋಬರ್‌ವರೆಗೆ ನೆಲ ಕಾಣುವುದಿಲ್ಲ. ನಡುಸಮುದ್ರದಿಂದ ಸುದ್ದಿ ಬರುತ್ತದೆ, ನಿನ್ನ ಅಡುಗೆಮನೆಯಿಂದ ಬರುವುದಿಲ್ಲ.

ನನ್ನ ಮಾತು ಸರಳ. ಅವಳಮ್ಮ ಬರುವವರೆಗೆ ಚೂಟಿ ನನ್ನ ಹತ್ತಿರ ಇರಲಿ. ಡ್ರೈವಿಂಗ್ ಸ್ಕೂಲಿನ ಮೇಲಿನ ರೂಮು ಖಾಲಿ ಇದೆ, ಬೆಳಕು ಚೆನ್ನಾಗಿ ಬರುತ್ತದೆ. ಸ್ಟೀರಿಂಗ್ ಮುಟ್ಟಿದರೆ ಅಳುವವರನ್ನೆಲ್ಲ ಊರಿನ ದೊಡ್ಡ ಸರ್ಕಲ್ ದಾಟಿಸಿದವಳು ನಾನು. ಎರಡು ತುಂಬದ ಹುಡುಗಿಯ ಬಾಯಿ ತೆರೆಸುವುದೇನು ಮಹಾ ವಿದ್ಯೆ? ಅಮ್ಮ ಕೆಲಸಕ್ಕೆ ಹೋದರೆ ನಿನಗೆ ತುತ್ತು ಹಾಕುತ್ತಿದ್ದವಳು ಯಾರು? ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ. ನೀನೇನೂ ಸಾಯಲಿಲ್ಲ. ಬಾಗಿಲಿಗೆ ತಲೆ ತಾಗುವಷ್ಟು ಬೆಳೆದೆ.

ಹಟ ಮಾಡಬೇಡ. ನೀನು ಒಬ್ಬನೇ ಗಂಡಸು, ಕೆಲಸ ಬೇರೆ, ಮಗು ಬೇರೆ. ಯಾವತ್ತು ಬರಲಿ ಅಂತ ಬರೆ.

ಅಕ್ಕ


ಜೂನ್ ೧೦

ಅಕ್ಕನಿಗೆ,

ಕಳಿಸುವುದಿಲ್ಲ. ಉಳಿದದ್ದನ್ನು ಓದುವ ಮೊದಲು ಇದನ್ನು ಓದಿಕೋ ಅಂತ ಮೇಲೆಯೇ ಬರೆದೆ.

"ಒಬ್ಬನೇ ಗಂಡಸು" ಅಂತೀಯ. ನಿನ್ನ ಹತ್ತಿರ ಕಲಿಯಲು ಬರುವ ಹೆಂಗಸರಿಗೆ ಬೀದಿಯವರು ಇಂಥದ್ದೇ ಮಾತು ಅಂದರೆ ನೀನು ಕಾರಿನ ಗಾಜು ಇಳಿಸಿ ಅವರ ಜನ್ಮ ಜಾಲಾಡುತ್ತೀಯ. ನನ್ನ ವಿಷಯಕ್ಕೆ ಬಂದಾಗ ಗಾಜು ಏರಿತೇ?

ಮೂಗಿನ ವಿಷಯ ನೀನೇ ಎತ್ತಿದೆ, ಒಳ್ಳೆಯದಾಯಿತು. ನನಗೆ ಆ ತುತ್ತುಗಳು ಯಾವುದರದ್ದು ಎಂದು ಇವತ್ತಿಗೂ ನೆನಪಿಲ್ಲ. ನಿನ್ನ ಬೆರಳಿನ ಸೋಪಿನ ವಾಸನೆ ಮಾತ್ರ ನೆನಪಿದೆ. ನೀನು ಅಷ್ಟು ನುಂಗಿಸಿದ್ದಕ್ಕೇ ಇರಬೇಕು, ಬಾಯಿಗೆ ಹಾಕಿಕೊಂಡದ್ದನ್ನು ಉಗುಳಿದರೆ ಸಂಬಳ ಕೊಡುವ ಕೆಲಸವನ್ನೇ ಹುಡುಕಿಕೊಂಡೆ. ಚಹಾದ ರುಚಿ ನೋಡುವವನು ಎಂದರೆ ಜನ ಈಗಲೂ ನಗುತ್ತಾರೆ. ನಗಲಿ.

ನಾನು ಕೈ ಕಟ್ಟಿ ಕೂತಿಲ್ಲ. ಕ್ಯಾರೆಟ್ಟನ್ನು ನಕ್ಷತ್ರದ ಹಾಗೆ ಕತ್ತರಿಸಿದೆ, ನಕ್ಷತ್ರವನ್ನು ಉಗುಳಿದಳು. ಚಮಚವನ್ನು ವಿಮಾನ ಮಾಡಿ ಮನೆಯೆಲ್ಲ ಹಾರಿಸಿದೆ, ಎದುರು ಮನೆಯ ಟೈಲರಮ್ಮ ಕಿಟಕಿಯಿಂದ ನೋಡಿ ನಕ್ಕಿದ್ದೇ ಲಾಭ. ನಾನು ಕೆಲಸಕ್ಕೆ ಹೋದಾಗ ಚೂಟಿಯನ್ನು ನೋಡಿಕೊಳ್ಳುವುದು ಆ ಟೈಲರಮ್ಮನೇ. ಆರೋಗ್ಯ ಕೇಂದ್ರದ ನರ್ಸಮ್ಮ, "ಒತ್ತಾಯ ಮಾಡ್ಬೇಡಿ, ಹೊಸದನ್ನ ಚೂರು ಚೂರು ತಟ್ಟೇಲಿಡ್ತಾ ಇರಿ, ಅವಳೇ ಮುಟ್ತಾಳೆ" ಎಂದರು. ಮುಟ್ಟುತ್ತಾಳೆ. ಅದೇ ಬೇಸರ. ಬಾಯಿ ಮುಚ್ಚುವ ಮಗುವಲ್ಲ ಇವಳು. ಬಟಾಣಿ, ಕುಂಬಳ, ಮೊಟ್ಟೆ, ಯಾವುದಾದರೂ ಬಾಯಿಗೆ ಹೋಗುತ್ತದೆ, ಒಂದು ಸುತ್ತು ತಿರುಗುತ್ತದೆ, ಅಚ್ಚುಕಟ್ಟಾಗಿ ಬಟ್ಟಲಿಗೆ ವಾಪಸು ಬರುತ್ತದೆ. ಹೊಟ್ಟೆಗೆ ಹೋಗುವುದು ಮಲಗುವಾಗ ಬಾಟಲಿಯಲ್ಲಿ ಕುಡಿಯುವ ಹಾಲು ಮಾತ್ರ.

ಆದರೂ ಕಳಿಸುವುದಿಲ್ಲ. ನನ್ನ ಮಗಳ ಮೂಗನ್ನು ಯಾರೂ ಹಿಡಿಯಕೂಡದು.

ತಮ್ಮ


ಜೂನ್ ೧೭

ತಮ್ಮನಿಗೆ,

ಸೋಪಿನ ವಾಸನೆ ನೆನಪಿದೆಯಂತೆ. ಕೈ ತೊಳೆದುಕೊಂಡು ತಿನ್ನಿಸಿದ್ದೂ ತಪ್ಪಾಯಿತು.

ನಾನು ನಿನ್ನ ಹೆಂಡತಿಯ ಜೊತೆ ಮಾತಾಡಿದೆ. ಹಡಗಿನ ಲೈನು ಗೊರಗೊರ ಅನ್ನುತ್ತಿತ್ತು, ಅವಳು ಅಳುತ್ತಿದ್ದಳೋ ಸಮುದ್ರವೇ ಹಾಗೋ ತಿಳಿಯಲಿಲ್ಲ. "ನೀವಿಬ್ರೂ ಸೇರಿ ಒಂದು ತೀರ್ಮಾನ ಮಾಡಿ ಅತ್ತಿಗೆ, ಇಲ್ಲಿ ಕೂತು ನಾನೇನು ಮಾಡ್ಲಿ" ಎಂದಳು. ಜುಲೈ ಕೊನೆಗೆ ಮತ್ತೆ ತೂಕ ಹಾಕುತ್ತಾರೆ ಎಂದೂ ಹೇಳಿದಳು. ಅದನ್ನೂ ನೀನು ನನಗೆ ಬರೆದಿಲ್ಲ.

ಆಗಲಿ, ತೀರ್ಮಾನ ಮಾಡೋಣ. ಅವತ್ತು ತೂಕದ ಮುಳ್ಳು ಏರಿದ್ದರೆ ನಾನು ಇನ್ನು ತುಟಿ ಬಿಚ್ಚುವುದಿಲ್ಲ. ಏರದಿದ್ದರೆ ಚೂಟಿ ನನ್ನ ಮನೆಗೆ ಬರುತ್ತಾಳೆ. ಧೈರ್ಯ ಇದ್ದರೆ ಒಪ್ಪಿಕೋ.

ಅಕ್ಕ


ಜೂನ್ ೨೭

ಅಕ್ಕನಿಗೆ,

ಒಪ್ಪಿದ್ದೇನೆ. ನಿನ್ನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇದೆ. ಸ್ಟೀರಿಂಗ್ ಇನ್ನೊಬ್ಬರ ಕೈಯಲ್ಲಿದ್ದರೂ ನಿನಗೆ ಮನಸ್ಸು ಬಂದಾಗ ಒತ್ತುತ್ತೀಯ. ನನ್ನ ಮನೆಯಲ್ಲಿ ನಿನ್ನ ಕಾಲಡಿಗೆ ಬ್ರೇಕ್ ಇಲ್ಲ ಎನ್ನುವುದನ್ನು ಆ ದಿನ ನೋಡುತ್ತೀಯ.

ಈಗ ಒಂದು ಸುದ್ದಿ. ಇದನ್ನು ಓದಿದ ಮೇಲೆ "ಪಾಪ, ಮಗು ತಿನ್ನಲ್ಲ" ಎಂಬ ರಾಗವನ್ನು ನೀನೇ ಬಿಡುತ್ತೀಯ.

ಮಂಗಳವಾರ ಟೈಲರಮ್ಮನಿಗೆ ಜ್ವರ. ಬೇರೆ ದಾರಿ ಕಾಣದೆ ಚೂಟಿಯನ್ನು ಕೆಲಸಕ್ಕೇ ಎತ್ತಿಕೊಂಡು ಹೋದೆ. ನಮ್ಮ ರುಚಿಕೋಣೆಯನ್ನು ನೀನು ನೋಡಿಲ್ಲ. ಉದ್ದ ಮೇಜು, ಉತ್ತರದ ಕಿಟಕಿ, ಸಾಲಾಗಿ ಬಿಳಿ ಬಟ್ಟಲುಗಳು. ಚಮಚದಲ್ಲಿ ತೆಗೆದು ಸೊರ್ ಎಂದು ಜೋರಾಗಿ ಎಳೆದುಕೊಳ್ಳಬೇಕು, ನಾಲಿಗೆಯ ಮೇಲೆ ಉರುಳಿಸಬೇಕು, ಉಗುಳಬೇಕು, ಮುಂದಿನ ಬಟ್ಟಲಿಗೆ ಹೋಗಬೇಕು. ಉಗುಳುವ ಡಬ್ಬಕ್ಕೆ ಚಕ್ರಗಳಿವೆ, ಅದನ್ನು ಮೊಣಕಾಲಿನಲ್ಲಿ ತಳ್ಳಿಕೊಂಡೇ ಸಾಗುತ್ತೇವೆ.

ಚೂಟಿಯನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ದೆ. ನಾನು ತಿರುಗಿ ನೋಡುವಷ್ಟರಲ್ಲಿ ಇಳಿದು ಬಂದು, ಯಾರೋ ತಗ್ಗು ಬೆಂಚಿನ ಮೇಲೆ ಇಟ್ಟಿದ್ದ ಆರಿದ ಬಟ್ಟಲಿಗೆ ಚಮಚ ಹಾಕಿದಳು. ಸೊರ್ ಎಂದಳು. ಕೆನ್ನೆ ಉಬ್ಬಿಸಿ ಉರುಳಿಸಿದಳು. ಡಬ್ಬವನ್ನು ನಮ್ಮ ಹಾಗೇ ಮೊಣಕಾಲಿನಿಂದ ತಳ್ಳಿ, ಒಂದು ಹನಿ ಕೆಳಗೆ ಬೀಳದಂತೆ ಉಗುಳಿದಳು. ಆಮೇಲೆ ತಲೆ ಅಲ್ಲಾಡಿಸಿದಳು. ಕೋಣೆಯೆಲ್ಲ ಚಪ್ಪಾಳೆ. ನಮ್ಮ ದೊಡ್ಡ ರುಚಿಗಾರರು ನಗುವ ಜಾತಿಯವರಲ್ಲ, ಅವರೇ ಆ ಬಟ್ಟಲಿನ ರುಚಿ ನೋಡಿ, "ಹುಡುಗಿ ಸರಿಯಾಗೇ ಹೇಳಿದ್ದಾಳೆ ಕಣಯ್ಯ, ಈ ಎಲೆ ಮಂಕು" ಎಂದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಗಟ್ಟಿಯಾಗಿದ್ದದ್ದು ಪುಣ್ಯ.

ಗೊತ್ತಾಯಿತೇ ಅಕ್ಕ? ಅವಳಿಗೆ ರೋಗವೂ ಇಲ್ಲ, ಹಟವೂ ಇಲ್ಲ. ಇದು ನಾಲಿಗೆ, ಅಪ್ಪನ ನಾಲಿಗೆ. ಮನೆಯಲ್ಲೂ ಅಷ್ಟೇ: ಅವಳ ಸೂಪನ್ನು ನಾನು ಮೊದಲು ಬಾಯಿಗೆ ಹಾಕಿ, ಬಿಸಿ, ಉಪ್ಪು ಎರಡೂ ನೋಡಿ, ಸಿಂಕಿಗೆ ಉಗುಳಿ, ಆಮೇಲೆ ಕೊಡುತ್ತೇನೆ. ಚಹಾ ಹರಾಜಿನ ಋತುವಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೆಣಸು ನಮ್ಮ ಗಂಟಲು ದಾಟಬಾರದು, ಅದು ದೊಡ್ಡವರ ಕಟ್ಟಪ್ಪಣೆ. ಸೂಪಿನಲ್ಲಿ ಬೆಳ್ಳುಳ್ಳಿ ಇರುತ್ತದಲ್ಲ. ನನ್ನ ಊಟ ಅವಳು ಮಲಗಿದ ಮೇಲೆ, ಸಿಂಕಿನ ಪಕ್ಕ ನಿಂತು, ಬ್ರೆಡ್ಡು ಮತ್ತು ಬೇಯಿಸಿದ ಆಲೂಗಡ್ಡೆ. ಇಷ್ಟು ಮಾಡುವ ಅಪ್ಪನಿಂದ ಮಗಳನ್ನು ಕಿತ್ತುಕೊಳ್ಳಲು ಬರುತ್ತೀಯಾ? ಬಾ ನೋಡೋಣ.

ತಮ್ಮ


ಜುಲೈ ೧

ತಮ್ಮನಿಗೆ,

ಲೋ ಪೆದ್ದ. ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ ಕಾರಿನಲ್ಲೇ ಕೂತುಬಿಟ್ಟೆ, ಕಲಿಯಲು ಬಂದವಳು ಹೊರಗೆ ನಿಂತು ಗಾಜು ತಟ್ಟುತ್ತಿದ್ದಳು.

ಅದು ನಾಲಿಗೆಯಲ್ಲ ಕಣೋ. ಅವಳು ನಿನ್ನ ಕೆಲಸ ಮಾಡುತ್ತಿದ್ದಾಳೆ.

ನೀನು ಬರೆದದ್ದನ್ನೇ ನಿನಗೆ ಓದಿ ಹೇಳುತ್ತೇನೆ. ಅವಳು ಕಂಡಂತೆ ಅಪ್ಪ ಸೂಪನ್ನು ಬಾಯಿಗೆ ಹಾಕುತ್ತಾನೆ, ಉಗುಳುತ್ತಾನೆ, ಆಮೇಲೆ ಅವಳಿಗೆ ಕೊಡುತ್ತಾನೆ. ಅಪ್ಪ ಊಟ ಮಾಡುವುದು ಅವಳು ಮಲಗಿದ ಮೇಲೆ. ಅಮ್ಮ ಸಮುದ್ರದಲ್ಲಿ. ಹಗಲೆಲ್ಲ ಇರುವುದು ಟೈಲರಮ್ಮನ ಹತ್ತಿರ. ಟೈಲರಮ್ಮನ ಬಾಯಲ್ಲಿ ಏನಿರುತ್ತದೆ ಹೇಳು? ಗುಂಡುಪಿನ್ನುಗಳು. ಸಾಲಾಗಿ ತುಟಿಯಲ್ಲಿ ಕಚ್ಚಿಕೊಂಡಿರುತ್ತಾಳೆ, ಒಂದೊಂದೇ ತೆಗೆಯುತ್ತಾಳೆ. ಆ ಮನೆಯಲ್ಲೂ ಬಾಯಿಗೆ ಹೋದದ್ದು ಹೊರಗೇ ಬರುತ್ತದೆ. ಟೈಲರಮ್ಮ ಉಣ್ಣುವುದೂ ಮಗು ಮಧ್ಯಾಹ್ನ ನಿದ್ದೆ ಹೋದ ಮೇಲೇ ಇರಬೇಕು. ಯಾರಾದರೂ ನುಂಗಿದ್ದನ್ನು ಆ ಮಗು ಯಾವತ್ತು ನೋಡಿದೆ? ಊಟ ಎಂದರೆ ಹೀಗೇ ಎಂದುಕೊಂಡಿದ್ದಾಳೆ. ಬಟ್ಟಲಿಗೆ ವಾಪಸು ಹಾಕಿದಾಗಲೆಲ್ಲ, ಸರಿಯಾಗಿ ಮಾಡಿದೆ, ಅಪ್ಪ ಮೆಚ್ಚುತ್ತಾನೆ ಎಂದುಕೊಂಡು ನಿನ್ನ ಮುಖ ನೋಡುತ್ತಾಳೇನೋ. ನೀನು ಮುಖ ಸಿಂಡರಿಸುತ್ತೀಯ. ಪಾಪ, ಅವಳಿಗೆ ಏನು ಅರ್ಥವಾಗಬೇಕು?

ನಿನಗೆ ಇದು ಯಾಕೆ ಹೊಳೆಯಲಿಲ್ಲ ಎಂದರೆ ಉಗುಳುವುದು ನಿನಗೆ ಉಸಿರಾಡಿದಷ್ಟು ಸಹಜ. ಕಣ್ಣಿಗೇ ಬೀಳುವುದಿಲ್ಲ.

ಎದುರಿಗೆ ಕೂತು ಊಟ ಮಾಡು. ಅವಳ ತಟ್ಟೆಯಲ್ಲಿರುವುದನ್ನೇ ಮಾಡು. ನುಂಗು. ನಿನ್ನ ದೊಡ್ಡವರು ಬೈದರೆ ಬೈಯಲಿ.

ಅಕ್ಕ


ಜುಲೈ ೧೧

ಅಕ್ಕನಿಗೆ,

ನನ್ನ ಕಾಗದಕ್ಕೆ ಉತ್ತರವಿಲ್ಲ. ಮುನಿಸಿಕೊಂಡಿರಬೇಕು. ಮುನಿಸಿಕೋ.

ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತಿದ್ದೇನೆ. ಚೂಟಿಗೆ ಹಲ್ಲು ಬರುತ್ತಿವೆ, ಬಾಟಲಿಯನ್ನೂ ಅರ್ಧಕ್ಕೇ ಬಿಡುತ್ತಾಳೆ. ಇವತ್ತು ಸ್ನಾನ ಮಾಡಿಸುವಾಗ ಬೆನ್ನಿನ ಮೂಳೆಗಳು ಒಂದೊಂದಾಗಿ ಕೈಗೆ ಸಿಕ್ಕವು. ಟವೆಲ್ಲಿನಲ್ಲಿ ಸುತ್ತಿಕೊಂಡು ಬಚ್ಚಲಿನಲ್ಲೇ ಬಹಳ ಹೊತ್ತು ಕೂತೆ. ಟೈಲರಮ್ಮ, "ಅಕ್ಕನ ಹತ್ರ ಬಿಟ್ಬಾ ಅಣ್ಣ, ಅವಮಾನ ಏನಿದೆ ಅದ್ರಲ್ಲಿ" ಎಂದಳು. ಅವಳಿಗೂ ಎಗರಾಡಿದೆ. ಆಮೇಲೆ ಹೋಗಿ ತಪ್ಪಾಯಿತು ಎಂದೆ.

ನಾನು ಸೋತೆ ಎಂದು ಬರೆಯುತ್ತಿಲ್ಲ. ತಿಂಗಳ ಕೊನೆ ಇನ್ನೂ ಬಂದಿಲ್ಲ. ಆದರೆ ಆ ರೂಮಿನ ಕಿಟಕಿಗೆ ಸರಳು ಇದೆಯೇ? ಸುಮ್ಮನೆ ಕೇಳಿದೆ.

ತಮ್ಮ


ಜುಲೈ ೨೦

ಅಕ್ಕನಿಗೆ,

ನಿನ್ನ ಕಾಗದ ಮೊನ್ನೆ ಸಿಕ್ಕಿತು. ಓದಿ ಮೈಯೆಲ್ಲ ಉರಿಯಿತು. ದೂರದಲ್ಲಿ ಕೂತು ನನ್ನ ಕೆಲಸಕ್ಕೆ, ನನ್ನ ಸಿಂಕಿಗೆ, ಟೈಲರಮ್ಮನ ಪಿನ್ನಿಗೆ ಎಲ್ಲದಕ್ಕೂ ಮೂಗು ತೂರಿಸುವ ಹಕ್ಕು ಇವಳಿಗೆ ಯಾರು ಕೊಟ್ಟರು ಎಂದುಕೊಂಡೆ. ನೀನು ಹೇಳಿದ್ದು ಸುಳ್ಳು ಎಂದು ತೋರಿಸುವುದಕ್ಕೇ ಅವತ್ತು ಸಂಜೆ ಮೇಜಿಗೆ ಎರಡು ತಟ್ಟೆ ಇಟ್ಟೆ.

ಎರಡಕ್ಕೂ ಒಂದೇ ಊಟ: ಆಲೂಗಡ್ಡೆ, ಬಟಾಣಿ, ಹುರಿದ ಈರುಳ್ಳಿ, ಕೈ ಬಿಚ್ಚಿ ಹಾಕಿದ ಬೆಳ್ಳುಳ್ಳಿ. ಹರಾಜಿನ ಹಿಂದಿನ ದಿನ. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಅವಳು ನೋಡಿದಳು. ಅಭ್ಯಾಸ ನೋಡು ಅಕ್ಕ, ನನ್ನ ತಲೆ ತಾನಾಗಿ ಸಿಂಕಿನ ಕಡೆ ತಿರುಗಿತು. ತಡೆದೆ. ಅವಳು ತನ್ನ ಬಟ್ಟಲನ್ನು ಮೊಣಕೈಯಿಂದ ನನ್ನ ಕಡೆಗೆ ತಳ್ಳಿದಳು. ನಾನು ಉಗುಳಲಿ ಎಂದು. ಅಪ್ಪ ಡಬ್ಬ ಮರೆತಿದ್ದಾನೆ ಎಂದುಕೊಂಡಳು.

ಅಷ್ಟು ಸಾಕಾಯಿತು. ನೀನು ಬರೆದದ್ದು ಅಕ್ಷರಕ್ಕಕ್ಷರ ನಿಜ. ನನಗೆ ಅಳು ಬಂತು, ಅತ್ತುಬಿಟ್ಟೆ.

ನುಂಗಿದೆ. ಅವಳು ನನ್ನ ತುಟಿ ಬಿಡಿಸಿ ಒಳಗೆ ನೋಡಿದಳು. ಖಾಲಿ. ನಾಲಿಗೆ ಎತ್ತಿಸಿ ಅದರ ಕೆಳಗೂ ನೋಡಿದಳು. "ಎಲ್ಲಿ?" ಎಂದಳು. ಇನ್ನೊಂದು ಚಮಚ ತಿಂದೆ. ಈ ಸಲ ಅಂಗೈಯನ್ನು ನನ್ನ ಗಂಟಲಿನ ಮೇಲಿಟ್ಟಳು. ಇಳಿಯಿತು. ಅವಳ ಕಣ್ಣು ಇಷ್ಟಗಲ. "ಹೋಯ್ತು" ಎಂದೆ. ಮತ್ತೊಮ್ಮೆ ಮಾಡು ಎಂದು ಚಮಚವನ್ನು ತಾನೇ ನನ್ನ ಬಾಯಿಗೆ ತುರುಕಿದಳು. ನನ್ನ ತಟ್ಟೆ ಖಾಲಿಯಾಗುವವರೆಗೂ ಗಂಟಲು ಬಿಡಲಿಲ್ಲ. ಅವಳು ಮಾತ್ರ ಏನೂ ತಿನ್ನಲಿಲ್ಲ.

ಮಾರನೆಯ ದಿನ ಹರಾಜಿನ ಮಾದರಿಗಳ ಮುಂದೆ ನಿಂತಾಗ ದೊಡ್ಡವರು ಮೂಗು ಅರಳಿಸಿ, "ಏನಯ್ಯ ಇದು, ಬೆಳ್ಳುಳ್ಳಿ?" ಎಂದರು. "ಹೌದು ಸಾರ್, ಮಗಳ ಜೊತೆ ಊಟ ಮಾಡ್ದೆ" ಎಂದೆ. "ಋತು ಮುಗಿಯೋ ತನಕ ತಡ್ಕೊಳೋಕೆ ಆಗಲ್ವಾ?" "ಆಗಲ್ಲ ಸಾರ್. ಇವತ್ತೂ ಮಾಡ್ತೀನಿ, ನಾಳೇನೂ ಮಾಡ್ತೀನಿ." ನನ್ನನ್ನು ಮೇಜಿನಿಂದ ತೆಗೆದು ಕೆಳಗಿನ ಮಹಡಿಗೆ, ಚಹಾಪುಡಿ ಬೆರೆಸುವ ಕಡೆ ಹಾಕಿದ್ದಾರೆ. ಅಲ್ಲಿ ನಾಲಿಗೆ ಬೇಡ, ಕಣ್ಣು ಸಾಕು. ಬೇಕಾದರೆ ಇಡೀ ಋತು ಅಲ್ಲೇ ಇಡಲಿ.

ನಿನ್ನೆ ಚೂಟಿ ಒಂದು ಬಟಾಣಿ ಬಾಯಿಗೆ ಹಾಕಿಕೊಂಡಳು. ಒಂದು ಕೈ ನನ್ನ ಗಂಟಲಿನ ಮೇಲೆ, ಇನ್ನೊಂದು ತನ್ನ ಗಂಟಲಿನ ಮೇಲೆ. ಇಬ್ಬರೂ ಒಟ್ಟಿಗೆ ನುಂಗಿದೆವು. ಆಮೇಲೆ ಬಾಯಿ ಅಗಲಿಸಿ ನನಗೆ ತೋರಿಸಿದಳು. ಒಳಗೆ ಏನೂ ಇರಲಿಲ್ಲ.

ಒಂದು ಮಾತು ಕೇಳಲೇಬೇಕು. ಕಾಗದದಲ್ಲಿ ಜುಲೈ ಒಂದು ಎಂದು ಬರೆದಿದ್ದೀಯ. ಲಕೋಟೆಯ ಮೇಲೆ ನಿಮ್ಮ ಅಂಚೆಯವರ ಮೊಹರು ಹದಿನಾರು. ನಡುವೆ ಇದು ಎಲ್ಲಿತ್ತು?

ತಮ್ಮ


ಜುಲೈ ೨೫

ತಮ್ಮನಿಗೆ,

ಕಾರಿನ ಡ್ಯಾಶ್‌ಬೋರ್ಡಿನಲ್ಲಿತ್ತು.

ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯವರೆಗೆ ಹೋದೆ. ಅಲ್ಲಿ ನಿಂತಾಗ, ಇದನ್ನು ಹಾಕದಿದ್ದರೆ ಮುಳ್ಳು ಏರುವುದಿಲ್ಲ, ಚೂಟಿ ನನ್ನ ಮನೆಗೆ ಬರುತ್ತಾಳೆ, ಬಂದ ದಿನವೇ ಎದುರಿಗೆ ಕೂತು ನುಂಗಿ ತೋರಿಸಿದರಾಯಿತು ಎಂದುಕೊಂಡೆ. ಅದೇ ಮದ್ದು, ನನ್ನ ಮನೆಯಲ್ಲಿ ಕೊಟ್ಟರೆ ತಪ್ಪೇನು ಎಂದುಕೊಂಡೆ. ವಾಪಸು ಬಂದು ಡ್ಯಾಶ್‌ಬೋರ್ಡಿಗೆ ಹಾಕಿದೆ. ಅವತ್ತೇ ಚಿಕ್ಕ ಮಂಚವನ್ನೂ ತಂದೆ.

ನನಗೆ ಅವಳು ಬೇಕಾಗಿದ್ದಳು. ತೂಕ ಒಂದು ನೆಪ. ಮದುವೆಯಾಗಲಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ, ಯಾರೂ ನನ್ನ ಮೇಲೆ ಮರುಕ ಪಡಬೇಕಾಗಿಲ್ಲ. ಆದರೆ ಕಲಿಯುವವಳು ಒಬ್ಬಳು ಹೋಗಿ ಇನ್ನೊಬ್ಬಳು ಬರುವುದರೊಳಗೆ, ಗೇರಿನ ಪಕ್ಕ ಡಬ್ಬಿ ಇಟ್ಟುಕೊಂಡು ಗಾಜು ನೋಡುತ್ತ ತಿನ್ನುವ ಊಟ ಎಂಥದ್ದು ಎಂದು ನಿನಗೆ ಗೊತ್ತಿಲ್ಲ. ಇಲ್ಲ, ಗೊತ್ತಿದೆ. ನಿನಗೆ ಸಿಂಕು, ನನಗೆ ಸ್ಟೀರಿಂಗು.

ನಿನ್ನ ಇನ್ನೊಂದು ಕಾಗದ ಬಂತಲ್ಲ, ಕಿಟಕಿಗೆ ಸರಳು ಇದೆಯೇ ಎಂದು ಕೇಳಿದ್ದು. ನಾನು ಗೆದ್ದಿದ್ದೆ. ಇನ್ನು ಸುಮ್ಮನಿದ್ದರೆ ಸಾಕಿತ್ತು. ಆ ಬೆನ್ನಿನ ಮೂಳೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಪಾಠ ನಡೆಯುತ್ತಿತ್ತು, ಕಲಿಯುವವಳಿಗೆ "ಎಡಕ್ಕೆ ತಿರುಗ್ಸು, ಅಂಚೆಪೆಟ್ಟಿಗೆ ಹತ್ರ ನಿಲ್ಸು" ಎಂದೆ. ಅವಳು ಫುಟ್‌ಪಾತ್ ಹತ್ತಿಸಿದಳು. ಪೆಟ್ಟಿಗೆ ಉಳಿಯಿತು, ಕಾಗದ ಹೋಯಿತು.

ಕ್ಷಮೆ ಕೇಳುವುದಿಲ್ಲ. ಬೈಯಬೇಕಾದರೆ ಬೈ. ತೂಕದ ಮಾತು ಮಾತ್ರ ಹಾಗೇ ಇದೆ, ನಾನು ಸಡಿಲ ಬಿಟ್ಟಿಲ್ಲ.

ಅಕ್ಕ


ಆಗಸ್ಟ್ ೧

ಅಕ್ಕನಿಗೆ,

ಬೈಯೋಣವೆಂದೇ ಕೂತಿದ್ದೆ. ಇಡೀ ದಿನ ಮನಸ್ಸಿನಲ್ಲೇ ಬೈದೆ, ಸಂಜೆಯ ಹೊತ್ತಿಗೆ ಮುಗಿಯಿತು. ನೀನು ಹಾಕದೇ ಇಟ್ಟದ್ದಕ್ಕೆ ಸಿಟ್ಟು ಹಾಗೇ ಇದೆ. ಗೆಲ್ಲುತ್ತಿದ್ದಾಗ ಹಾಕಿದೆಯಲ್ಲ, ಅದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ನಿನ್ನೆ ತೂಕ ಹಾಕಿಸಿದೆ. ಮುಳ್ಳು ಏರಿಲ್ಲ. ನರ್ಸಮ್ಮ ಎರಡೆರಡು ಸಲ ನೋಡಿ, "ಇಳಿದೂ ಇಲ್ಲ, ಹಲ್ಲು ಬರೋ ಟೈಮಲ್ಲಿ ಇದೇ ದೊಡ್ಡದು" ಎಂದರು. ಅಷ್ಟರಲ್ಲಿ ಚೂಟಿ ಅವರು ಕೊಟ್ಟ ಬಾಳೆಹಣ್ಣಿನ ಚೂರನ್ನು ನುಂಗಿ, ಅವರ ಕೊರಳಪಟ್ಟಿ ಹಿಡಿದೆಳೆದು, ಬಾಯಿ ತೆರೆದು ತೋರಿಸಿ "ಹೋಯ್ತು" ಎಂದಳು. ನರ್ಸಮ್ಮ ಕಾರ್ಡು ಹಿಡಿದುಕೊಂಡು ನಗುತ್ತ, "ಇದನ್ನ ಬರೆಯೋಕೆ ಇದ್ರಲ್ಲಿ ಜಾಗಾನೇ ಇಲ್ವಲ್ಲ" ಎಂದರು.

ಕುಂಬಳಕಾಯಿಯನ್ನು ಈಗಲೂ ಉಗುಳುತ್ತಾಳೆ. ಆದರೆ ಮೊದಲು "ಬೇಡ" ಎಂದು ಹೇಳಿ ಉಗುಳುತ್ತಾಳೆ. ಮೊದಲಿನದು ಅಪ್ಪನ ಕೆಲಸ, ಈಗಿನದು ಅವಳ ಸ್ವಂತ ಅಭಿಪ್ರಾಯ. ಅದು ನಿನ್ನಿಂದ ಬಂದದ್ದು ಎಂದು ನನ್ನ ಅನುಮಾನ.

ಈಗ ಮಾತಿಗೆ ಬರುತ್ತೇನೆ. ಮುಳ್ಳು ಏರಿಲ್ಲ, ನಾನು ಒಪ್ಪಿದ ಪ್ರಕಾರ ನೀನು ಗೆದ್ದೆ. ಚೂಟಿಯನ್ನು ಕಳಿಸುವುದಿಲ್ಲ. ಮಾತಿಗೆ ತಪ್ಪಿದವನು ಎಂದು ಊರಿಗೆಲ್ಲ ಹೇಳಿಕೋ. ನಿನ್ನ ಕಾರಿನ ಮೇಲೆ ಬಣ್ಣದಲ್ಲಿ ಬರೆಸಿಕೊಂಡು ತಿರುಗು. ಇಲ್ಲಿ ದಿನಾ ಸಂಜೆ ಎರಡು ತಟ್ಟೆ ಇಡುತ್ತೇನೆ, ಅದು ನಿಲ್ಲುವುದಿಲ್ಲ.

ಮೇಜಿಗೆ ನಾಲ್ಕು ಕುರ್ಚಿಗಳಿವೆ. ಒಂದು ಅಕ್ಟೋಬರಿನಲ್ಲಿ ಹಡಗಿನಿಂದ ಬರುವವಳದ್ದು. ಇನ್ನೊಂದನ್ನು ಚೂಟಿ ದಿನಾ ಎಳೆದು, ಹತ್ತಿ, ನೋಡಿ, ಯಾರೂ ಇಲ್ಲ ಎಂದು ಕೈ ತಿರುಗಿಸುತ್ತಾಳೆ. ನನ್ನ ಒಂದು ಗಂಟಲಿನಿಂದ ಅವಳ ಅನುಮಾನ ಪೂರ್ತಿ ಹೋಗಿಲ್ಲ. ಇನ್ನೊಂದು ಗಂಟಲು ಬೇಕು.

ತಮ್ಮ


ಆಗಸ್ಟ್ ೬

ಮಾತಿಗೆ ತಪ್ಪಿದವನಿಗೆ,

ಶನಿವಾರ ಪಾಠಗಳನ್ನೆಲ್ಲ ರದ್ದು ಮಾಡಿದ್ದೇನೆ. ಕಾರು ತರುತ್ತಿಲ್ಲ, ಬಸ್ಸಿನಲ್ಲಿ ಬರುತ್ತೇನೆ. ಕಾಲಡಿಗೆ ಬ್ರೇಕ್ ಇಲ್ಲದೆ ಕೂತು ನೋಡುತ್ತೇನೆ, ಹೇಗಿರುತ್ತದೋ.

ಚಿಕ್ಕ ಮಂಚವನ್ನು ಮಾರುವುದಿಲ್ಲ. ಅದು ಅವಳದ್ದು, ಅವಳಿಗೆ ಬೇಕೆನಿಸಿದ ದಿನ ಬಂದು ಮಲಗಲಿ. ಅದರ ಬಗ್ಗೆ ನಿನ್ನ ಜೊತೆ ಚರ್ಚೆ ಇಲ್ಲ.

ಅವಳ ಮೂಗನ್ನು ಮುಟ್ಟುವುದಿಲ್ಲ. ನನ್ನ ಗಂಟಲು ಅವಳ ಕೈಗೆ ಎಟುಕುವ ಹಾಗೆ, ಕುರ್ಚಿಯನ್ನು ಪಕ್ಕದಲ್ಲೇ ಹಾಕು. ಕುಂಬಳಕಾಯಿ ಮಾಡು. ಅದು ನನಗೂ ಸೇರುವುದಿಲ್ಲ, ಆದರೂ ನುಂಗಿ ತೋರಿಸುತ್ತೇನೆ.

ದಾರಿಯಲ್ಲಿ ಏನೂ ತಿನ್ನುವುದಿಲ್ಲ. ಹಸಿದುಕೊಂಡು ಬರುತ್ತೇನೆ.

ಅಕ್ಕ